ನಮ್ಮೂರಲ್ಲೂ ಇದು ಇತ್ತಾ ಮಿಸ್?

ದಸರಾ ರಜೆ ಮುಗಿದ ವಾರ. ಭಾನುವಾರ ರಾತ್ರಿ ಹತ್ತು ಗಂಟೆಗೆ ಅಕ್ಕನ ಫೋನ್.

"ಲೇ ತಮ್ಮ, ಒಂದು ಪಿಪಿಟಿ ಮಾಡ್ಕೊಡೋ. ನಾಳೆ ಅಸ್ಪೃಶ್ಯತೆ ಪಾಠ ಐತೆ. ಶಾಲೆಗೆ ಪ್ರೊಜೆಕ್ಟರ್ ಬಂದು ಆರು ತಿಂಗ್ಳಾತು, ಒಂದ್ಸಲಾನೂ ಹಾಕಿಲ್ಲ."

ಅಕ್ಕ ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಟೀಚರ್. ನಾನು ಬೆಂಗಳೂರಲ್ಲಿ ಕೋಡ್ ಬರೆಯೋನು. ನಮ್ಮನೆ ಲೆಕ್ಕದಲ್ಲಿ ಕಂಪ್ಯೂಟರ್ ಅಂದ್ರೆ ನಾನೇ: ಆಧಾರ್ ಲಿಂಕ್ ಮಾಡೋದರಿಂದ ಹಿಡಿದು ಪಿಪಿಟಿವರೆಗೆ. ಅರ್ಧ ಗಂಟೆಯಲ್ಲಿ ಎಂಟು ಸ್ಲೈಡ್ ಮಾಡಿ ಕಳಿಸಿದೆ. ಅಂಬೇಡ್ಕರ್ ಫೋಟೋ. ಸಂವಿಧಾನದ 17ನೇ ವಿಧಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಾದದ್ದು, 1989ರ ದೌರ್ಜನ್ಯ ತಡೆ ಕಾಯ್ದೆ. ಬ್ಯಾಕ್‌ಗ್ರೌಂಡ್ ನೀಲಿ, ಅಕ್ಷರ ಬಿಳಿ. ಚೆನ್ನಾಗೇ ಇತ್ತು.

ಮರುದಿನ ಸಂಜೆ ಮತ್ತೆ ಫೋನ್ ಬಂತು. ಧ್ವನಿ ಬೇರೆ ಥರ ಇತ್ತು.

ಪಾಠ ನಡೀತಿದ್ದಾಗ ಮುಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ್ನಂತೆ: "ಮಿಸ್, ಇದು ನಮ್ಮೂರಲ್ಲೂ ಇತ್ತಾ?" ಅಕ್ಕ ಬಾಯಿ ತೆಗೆಯೋದರೊಳಗೆ ಇಡೀ ಕ್ಲಾಸು ಹಿಂದೆ ತಿರುಗಿ ಮೂರನೇ ಬೆಂಚಿನಲ್ಲಿ ಕೂತಿದ್ದ ಒಬ್ಬ ಹುಡುಗನನ್ನ ನೋಡಿತಂತೆ. ಯಾರೂ ಏನೂ ಅನ್ನಲಿಲ್ಲ, ಸುಮ್ಮನೆ ನೋಡಿದರು ಅಷ್ಟೆ. ಆ ಹುಡುಗ ಪುಸ್ತಕದೊಳಗೆ ತಲೆ ಹಾಕಿದ.

"ನಾನೇನ್ ಮಾಡಿದೆ ಗೊತ್ತೇನೋ?" ಅಂದಳು ಅಕ್ಕ. "ಮುಂದಿನ ಸ್ಲೈಡ್ ಒತ್ತಿದೆ."

ಆ ರಾತ್ರಿ ನನ್ನ ಸ್ಲೈಡ್‌ಗಳನ್ನ ನಾನೇ ಮತ್ತೆ ಓದಿದೆ. "ಸಾರ್ವಜನಿಕ ಬಾವಿಗಳಲ್ಲಿ ನೀರು ನಿರಾಕರಿಸಲಾಗಿತ್ತು." "ದೇವಾಲಯ ಪ್ರವೇಶ ನಿಷೇಧಿಸಲಾಗಿತ್ತು." "ಊರ ಹೊರಗೆ ವಾಸಿಸುವಂತೆ ಮಾಡಲಾಗಿತ್ತು." ಎಂಟು ಸ್ಲೈಡಲ್ಲಿ ಒಂದು ಕಡೆಯಾದರೂ ಕರ್ತೃಪದ ಇಲ್ಲ. ಎಂಟನೇ ಕ್ಲಾಸಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಉದಾಹರಣೆ ಬರೆದು ಬರೆದು ಕೈ ನೋಯ್ತಿತ್ತಲ್ಲ, ಆ ವ್ಯಾಕರಣ ಇಲ್ಲಿ ಇಷ್ಟು ಚೆನ್ನಾಗಿ ಉಪಯೋಗಕ್ಕೆ ಬಂದಿತ್ತು. ನಿರಾಕರಿಸಿದ್ದು ಯಾರು? ಮಳೆಯಾ, ಗಾಳಿಯಾ?

ನಮ್ಮದು ಚನ್ನಗಿರಿ ತಾಲ್ಲೂಕಿನ ಲಿಂಗಾಯತ ಮನೆ. ಅಡಿಕೆ ತೋಟ ಇದೆ. ಇಷ್ಟು ಹೇಳದೆ ಈ ಅಂಕಣ ಬರೆದರೆ ಇದೂ ಕರ್ಮಣಿ ಪ್ರಯೋಗವೇ ಆಗುತ್ತೆ. ಬಸವ ಜಯಂತಿಗೆ ವಚನ ಹೇಳಿ ಸ್ಟೀಲ್ ಡಬ್ಬಿ ಬಹುಮಾನ ತಂದವನು ನಾನು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆ ಆದ ಕತೆ, ಅದಕ್ಕೆ ಅವರು ತೆತ್ತ ಬೆಲೆ, ಎಲ್ಲ ನಮ್ಮಜ್ಜ ಕಣ್ಣೀರು ಹಾಕ್ಕೊಂಡು ಹೇಳ್ತಿದ್ದರು. ಅದೇ ಅಜ್ಜನ ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡು ಇತ್ತು. ಗೂಡಲ್ಲಿ ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ. ಕೆಲಸಕ್ಕೆ ಬಂದವರು ಅದನ್ನ ಇಳಿಸಿಕೊಂಡು, ಊಟ ಮಾಡಿ, ತೊಳೆದು, ವಾಪಸ್ ಅಲ್ಲೇ ಇಡೋರು. ನಾನು ಆ ಲೋಟ ಮುಟ್ಟಿದ್ದಕ್ಕೆ ಒಂದು ಸಲ ಬೈಸಿಕೊಂಡಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ 17ನೇ ವಿಧಿಯ ಪ್ರಶ್ನೆಗೆ ಪೂರ್ತಿ ಅಂಕವನ್ನೂ ತಗೊಂಡಿದ್ದೇನೆ. ಈ ಎರಡೂ ಒಂದೇ ವಿಷಯ ಅಂತ ಆ ವಯಸ್ಸಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಪುಸ್ತಕದ ಅಸ್ಪೃಶ್ಯತೆ ಎಲ್ಲೋ ದೂರದ್ದು, ಬ್ಲ್ಯಾಕ್ ಅಂಡ್ ವೈಟ್ ಫೋಟೋದ್ದು. ಕೊಟ್ಟಿಗೆಯ ಲೋಟ ಬರೀ ಲೋಟ.

ನಮ್ಮ ಆಫೀಸಲ್ಲಿ ಒಂದು ಪದ್ಧತಿ ಇದೆ. ಸಿಸ್ಟಮ್ ಕೆಟ್ಟು ಗ್ರಾಹಕರಿಗೆ ತೊಂದರೆಯಾದರೆ ಆಮೇಲೆ ಒಂದು ವರದಿ ಬರೀಬೇಕು. ಅದಕ್ಕೆ ಪೋಸ್ಟ್‌ಮಾರ್ಟಂ ಅಂತೀವಿ. ಯಾರನ್ನೂ ಬೈಯೋ ಹಾಗಿಲ್ಲ, ಅದು ನಿಯಮ. ಆದರೆ "ಸರ್ವರ್ ಡೌನ್ ಆಗಿತ್ತು" ಅಂತ ಬರೆದರೆ ಲೀಡ್ ವಾಪಸ್ ಕಳಿಸ್ತಾರೆ. ಎಷ್ಟು ಗಂಟೆಗೆ, ಯಾವ ಬದಲಾವಣೆಯಿಂದ, ಎಚ್ಚರಿಕೆಯ ಮೆಸೇಜ್ ಯಾರಿಗೆ ಹೋಗಿತ್ತು, ಅವರು ಯಾಕೆ ಸುಮ್ಮನಿದ್ದರು, ಯಾರಿಗೆ ಎಷ್ಟು ನಷ್ಟ, ಎಲ್ಲ ಬೇಕು. ಬೈಯೋದು ಬೇರೆ, ಏನಾಯ್ತು ಅಂತ ಸರಿಯಾಗಿ ಬರೆಯೋದು ಬೇರೆ. ಒಂದು ಪೇಮೆಂಟ್ ಹತ್ತು ನಿಮಿಷ ನಿಂತದ್ದಕ್ಕೆ ನಾವು ನಾಲ್ಕು ಪುಟ ಬರೀತೀವಿ. ಶತಮಾನಗಟ್ಟಲೆ ನೀರು ನಿಂತದ್ದಕ್ಕೆ ನಾನು ಬರೆದದ್ದು ಒಂದು ಸಾಲು, ಅದೂ ಕರ್ತೃ ಇಲ್ಲದ್ದು.

ಅಕ್ಕನ ಕ್ಲಾಸಿನ ಕಷ್ಟ ಇಷ್ಟಕ್ಕೇ ಮುಗಿಯೋದಿಲ್ಲ. ಅವಳ ಮೊದಲ ಪೋಸ್ಟಿಂಗ್ ನ್ಯಾಮತಿ ಕಡೆ ಇತ್ತು. ಅಲ್ಲಿ ಸುತ್ತಮುತ್ತ ತಾಂಡಾಗಳಿವೆ. ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರೋದೂ ನ್ಯಾಮತಿ ತಾಲ್ಲೂಕಲ್ಲೇ. ಫೆಬ್ರವರಿ 15ರ ಜಯಂತಿಗೆ ಮಾಲಾಧಾರಿಗಳು ಸಾವಿರಾರು ಜನ ನಡೆದುಕೊಂಡು ಬರ್ತಾರೆ, ಆ ಕಡೆಯವರು ನೋಡಿರ್ತೀರಿ. ಅಲ್ಲಿನ ಶಾಲೆಯಲ್ಲಿ ಒಂದು ದಿನ ಯಾರದ್ದೋ ಜಾಮಿಟ್ರಿ ಬಾಕ್ಸ್ ಕಳೀತು. ಮಕ್ಕಳೆಲ್ಲ ಮೊದಲು ಹುಡುಕಿದ್ದು ತಾಂಡಾದ ಹುಡುಗಿಯ ಬ್ಯಾಗು. ಬಾಕ್ಸ್ ಸಿಕ್ಕಿದ್ದು ಕಳೆದುಕೊಂಡವನ ಮನೆಯಲ್ಲೇ. ಆ ಹುಡುಗಿ ಒಂದು ವಾರ ಶಾಲೆಗೆ ಬರಲಿಲ್ಲ.

ನಮ್ಮಮ್ಮನ ತವರು ಹೊನ್ನಾಳಿ ತಾಲ್ಲೂಕು. ಅಲ್ಲಿನ ಅಜ್ಜಿ ನಾವು ಊಟ ಮಾಡದೆ ಹಟ ಮಾಡಿದರೆ "ಲಂಬಾಣೇರು ಬಂದು ಚೀಲದಾಗೆ ಹಾಕ್ಕೊಂಡ್ ಹೋಗ್ತಾರೆ ನೋಡು" ಅಂತ ಹೆದರಿಸೋರು. ಅಜ್ಜಿಗೆ ಗೊತ್ತಿರಲಿಲ್ಲ, ನನಗೂ ಇಂಜಿನಿಯರಿಂಗ್ ಮುಗಿಯೋವರೆಗೂ ಗೊತ್ತಿರಲಿಲ್ಲ: ಈ ಹೆದರಿಕೆಯನ್ನೇ ಒಂದು ಸರ್ಕಾರ ಕಾಯ್ದೆ ಮಾಡಿ ಪಾಸು ಮಾಡಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಬ್ರಿಟಿಷರು ಮೊದಲು ಉತ್ತರದಲ್ಲಿ ತಂದು, 1911ರಲ್ಲಿ ತಮ್ಮ ಆಳ್ವಿಕೆಯ ಉಳಿದ ಭಾಗಗಳಿಗೂ ವಿಸ್ತರಿಸಿದರು. ಒಬ್ಬ ಮನುಷ್ಯ ಕಳ್ಳತನ ಮಾಡಿದ್ದಾನೋ ಇಲ್ಲವೋ ಪ್ರಶ್ನೆಯೇ ಅಲ್ಲ. ಇಡೀ ಸಮುದಾಯವೇ ಹುಟ್ಟಿನಿಂದ ಅಪರಾಧಿ ಅಂತ ಪಟ್ಟಿಗೆ ಸೇರಿಸೋದು, ರಿಜಿಸ್ಟರ್‌ನಲ್ಲಿ ಬೆರಳಚ್ಚು ತಗೊಳ್ಳೋದು, ಹಾಜರಿ ಹಾಕಿಸೋದು, ಊರು ಬಿಡೋಕೆ ಪಾಸು ಕೇಳೋದು. ಬೇರೆ ಬೇರೆ ಪ್ರಾಂತ್ಯಗಳ ಪಟ್ಟಿಗಳಲ್ಲಿ ಕೊರಚರು, ಕೊರವರು, ಗಂಟಿಚೋರರು, ಲಂಬಾಣಿಗಳು ಸೇರಿದರು. ಹುಬ್ಬಳ್ಳಿಯಲ್ಲಿ ಸೆಟ್ಲ್‌ಮೆಂಟ್ ಅನ್ನೋ ಏರಿಯಾ ಇದೆಯಲ್ಲ, ಆ ಹೆಸರು ಬಂದದ್ದು ಹೀಗೆ ಹಿಡಿದು ತಂದು ಕೂಡಿಹಾಕಿದ ವಸಾಹತಿನಿಂದ.

ವಿಚಿತ್ರ ನೋಡಿ, ಇದೇ ಲಂಬಾಣಿಗಳು ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶವೆಲ್ಲ ತಿರುಗಿದವರು. ಮೊಗಲರ ಸೈನ್ಯಕ್ಕೂ, ಆಮೇಲೆ ಕಂಪನಿಯ ಸೈನ್ಯಕ್ಕೂ ಊಟ ಮುಟ್ಟಿಸಿದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ಕಸುಬು ಹೋಯ್ತು. ನಿನ್ನೆ ಸಾಮಾನು ಸಾಗಿಸುತ್ತಿದ್ದವನು ಇವತ್ತು ಅಲೆಮಾರಿ, ನಾಳೆ ಕಳ್ಳ.

ಈ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಅಂದ್ರೆ ನಮಗೆ ಸ್ವಾತಂತ್ರ್ಯ ಬಂದು ಐದು ವರ್ಷ, ಹದಿನಾರು ದಿನ ಆದಮೇಲೆ. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಅಂತ ಮಾಡಿಕೊಂಡವು. ನಮ್ಮ ರಾಜ್ಯದ್ದು 1961ರದ್ದು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಜೈಲುಗಳ ಜಾತಿ ತಾರತಮ್ಯದ ತೀರ್ಪು ಕೊಡುವಾಗಲೂ ಈ ಹಳೇ ಕಾಯ್ದೆಯ ನೆರಳಿನ ಬಗ್ಗೆ ಮಾತಾಡಬೇಕಾಯ್ತು. ನಮ್ಮ ಪಾಠದಲ್ಲಿ ಬ್ರಿಟಿಷರು ಅಂದರೆ ಉಪ್ಪಿನ ತೆರಿಗೆ, ಜಲಿಯನ್‌ವಾಲಾ ಬಾಗ್. ಸರಿಯೇ. ಆದರೆ ಅವರು ಬರೆದ ಪಟ್ಟಿಯನ್ನ ಜಾಮಿಟ್ರಿ ಬಾಕ್ಸ್ ಕಳೆದಾಗ ನಾವು ಇನ್ನೂ ತೆಗೀತಿದ್ದೀವಲ್ಲ, ಅದು ಯಾವ ಪಾಠದಲ್ಲಿ ಬರಬೇಕು?

ಪಠ್ಯಪುಸ್ತಕ ಅಂದಕೂಡಲೆ ನಿಮಗೆ 2022ರ ಗಲಾಟೆ ನೆನಪಾಗಿರುತ್ತೆ. ಪರಿಷ್ಕರಣೆಯಲ್ಲಿ ಅಂಬೇಡ್ಕರರ ಪಾಠದಿಂದ ಸಂವಿಧಾನ ಶಿಲ್ಪಿ ಅನ್ನೋ ಮಾತು ಬಿಟ್ಟುಹೋಯ್ತು, ಬಸವಣ್ಣನ ಪಾಠಕ್ಕೆ ಮಠಾಧೀಶರು ತಕರಾರು ಎತ್ತಿದರು, ದೇವನೂರ ಮಹಾದೇವ ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆ ವಾಪಸ್ ತಗೊಂಡರು. ಕೆಲವು ತಿದ್ದುಪಡಿ ಆಯ್ತು, ಮರುವರ್ಷ ಸರ್ಕಾರ ಬದಲಾಗಿ ಮತ್ತೆ ತಿದ್ದಿದರು. ಆ ಜಗಳ ಸಣ್ಣದು ಅಂತ ನಾನು ಹೇಳ್ತಿಲ್ಲ. ಆದರೆ ಅಕ್ಕನ ಕ್ಲಾಸಲ್ಲಿ ಎಲ್ಲರೂ ಹಿಂದೆ ತಿರುಗಿ ನೋಡಿದ್ದು ಯಾವ ಸರ್ಕಾರದ ಪುಸ್ತಕದಲ್ಲೂ ಇಲ್ಲ.

ಈ ವಿಷಯವನ್ನ ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಕಾಲೇಜು ಸೀನಿಯರ್ ಹತ್ತಿರ ಹೇಳಿದೆ. ದಾವಣಗೆರೆಯವರೇ. ಅವರ ಮಗಳು ಅಲ್ಲಿನ ಶಾಲೆಯಲ್ಲಿ ರೂಬಿ ಬ್ರಿಜಸ್ ಬಗ್ಗೆ ಕಲಿತು ಬಂದಿದ್ದಳು. 1960ರ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಬಿಳಿಯರ ಶಾಲೆಗೆ ಹೋದ ಆರು ವರ್ಷದ ಕಪ್ಪು ಹುಡುಗಿ, ಸುತ್ತ ಫೆಡರಲ್ ಮಾರ್ಷಲ್‌ಗಳ ಕಾವಲು, ಹೊರಗೆ ಕಿರುಚುವ ಜನ. "ಇಲ್ಲಿ ಎಷ್ಟು ಓಪನ್ ಆಗಿ ಹೇಳ್ಕೊಡ್ತಾರೆ ನೋಡಪ್ಪ" ಅಂದರು. ಎಲ್ಲ ಕಡೆ ಹಾಗಿಲ್ಲ ಅನ್ನಿ. ಒಕ್ಲಹೋಮಾ ರಾಜ್ಯದ ಟಲ್ಸಾದಲ್ಲಿ 1921ರಲ್ಲಿ ಬಿಳಿಯರ ಗುಂಪು ಕಪ್ಪು ಜನರ ಇಡೀ ಬಡಾವಣೆಯನ್ನ ಸುಟ್ಟಿತು. ದಶಕಗಟ್ಟಲೆ ಅಲ್ಲಿನ ಶಾಲೆಗಳಲ್ಲಿ ಅದರ ಸುದ್ದಿಯೇ ಇರಲಿಲ್ಲ. ಸರಿಯಾಗಿ ನೂರು ವರ್ಷಕ್ಕೆ, 2021ರ ಮೇ ತಿಂಗಳಲ್ಲಿ, ಅದೇ ರಾಜ್ಯ ಒಂದು ಕಾನೂನು ತಂದಿತು: ಜನಾಂಗದ ಕಾರಣಕ್ಕೆ ಯಾರಾದರೂ ತಪ್ಪಿತಸ್ಥ ಭಾವನೆ, ಮುಜುಗರ ಪಡಬೇಕು ಅಂತ ಕ್ಲಾಸಲ್ಲಿ ಕಲಿಸಬಾರದು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಯಾವುದು ಯಾರಿಗೆ ಮುಜುಗರ ಅಂತ ಗೆರೆ ಎಳೆಯೋರು ಯಾರು? ಹೆದರಿದ ಟೀಚರ್ ಮುಂದಿನ ಸ್ಲೈಡ್ ಒತ್ತುತ್ತಾರೆ, ನಮ್ಮಕ್ಕನ ಹಾಗೆ.

ನಾನು ಸೀನಿಯರ್‌ಗೆ ಕೇಳಿದೆ: "ಅಣ್ಣಾ, ಅದೇ ಶಾಲೇಲಿ ಜಾತಿ ಬಗ್ಗೆ ಹೇಳ್ಕೊಟ್ರೆ?" ಅಲ್ಲಿ ಆರನೇ ಕ್ಲಾಸಿನ ಪುಸ್ತಕದಲ್ಲಿ ಪ್ರಾಚೀನ ಭಾರತದ ಪಾಠ ಬರುತ್ತೆ. 2005-06ರಲ್ಲೂ, ಮತ್ತೆ 2016ರಲ್ಲೂ ಅದರಲ್ಲಿನ ಜಾತಿಯ ವಿವರಣೆ ಬದಲಿಸಿ ಅಂತ ನಮ್ಮವರ ಸಂಘಗಳು, ಬೇಡ ಅಂತ ಇನ್ನು ಕೆಲವು ಸಂಘಗಳು, ದೊಡ್ಡ ಹೋರಾಟ ಮಾಡಿದ್ದವು. ಸೀನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಮಗಳನ್ನ ಎಲ್ಲರೂ ತಿರುಗಿ ನೋಡ್ತಾರೆ ಕಣೋ. ನಿನ್ನ ಜಾತಿ ಯಾವುದು ಅಂತಾರೆ. ಆ ಮಗು ಏನ್ ಮಾಡಿದೆ ಪಾಪ?"

ಆ ಭಯ ಸುಳ್ಳಲ್ಲ. ಆ ಮಗು ಏನೂ ಮಾಡಿಲ್ಲ. ಆದರೆ ಜಗಳೂರಿನ ಮೂರನೇ ಬೆಂಚಿನ ಹುಡುಗ ಏನು ಮಾಡಿದ್ದ? ತಿರುಗಿ ನೋಡೋದು ತಪ್ಪಬೇಕಾದರೆ ಪಾಠ ತೆಗೆದರೆ ಆಗೋದಿಲ್ಲ. ನೋಟ ಒಂದೇ ಕಡೆ ಬೀಳದ ಹಾಗೆ ಪಾಠ ಮಾಡಬೇಕು. ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ದಾರಿ ಹುಡುಕಿದ್ದು ಅಕ್ಕ.

ಜಗಳೂರು ಬರದ ತಾಲ್ಲೂಕು. ಅಲ್ಲಿ ನೀರಿನ ಮಾತು ಎತ್ತಿದರೆ ಪ್ರತಿ ಮನೆಯಲ್ಲೂ ಕತೆ ಇದೆ. ಅಕ್ಕ ಇಡೀ ಕ್ಲಾಸಿಗೆ ಒಂದೇ ಮನೆಗೆಲಸ ಕೊಟ್ಟಳು. ಬೋರ್‌ವೆಲ್, ನಲ್ಲಿ ಬರೋದಕ್ಕೆ ಮುಂಚೆ ನಿಮ್ಮೂರಲ್ಲಿ ನೀರು ಎಲ್ಲೆಲ್ಲಿ ಸಿಗ್ತಿತ್ತು? ಯಾರು ಎಲ್ಲಿ ಸೇದ್ತಿದ್ರು? ಮನೆಯ ಹಿರಿಯರನ್ನ ಕೇಳಿ ಒಂದು ಹಾಳೆಯಲ್ಲಿ ಊರಿನ ನಕ್ಷೆ ಬರ್ಕೊಂಡು ಬನ್ನಿ. ಹಾಳೆ ಮೇಲೆ ಹೆಸರು ಬರೀಬೇಡಿ. ಜಾತಿ ಅನ್ನೋ ಮಾತನ್ನ ಅವಳು ಎತ್ತಲೇ ಇಲ್ಲ.

ವಾರದಲ್ಲಿ ನಲವತ್ತಕ್ಕೂ ಹೆಚ್ಚು ಹಾಳೆ ಬಂದವು. ಗೋಡೆಗೆ ಅಂಟಿಸಿದಳು. ಒಂದೇ ಬಾವಿಗೆ ಒಂದು ಹಾಳೆಯಲ್ಲಿ "ಊರ ಬಾವಿ" ಅಂತ ಹೆಸರು, ಇನ್ನೊಂದರಲ್ಲಿ "ಗೌಡ್ರ ಬಾವಿ" ಅಂತ. ಕೆಲವು ಹಾಳೆಯಲ್ಲಿ ಬಾವಿಗೆ ದಾರಿ ನೇರ ಇತ್ತು. ಕೆಲವದರಲ್ಲಿ ದಾರಿ ಬಾವಿಗೆ ಹತ್ತು ಹೆಜ್ಜೆ ಮುಂಚೆ ನಿಂತಿತ್ತು, ಅಲ್ಲೊಂದು ಚುಕ್ಕಿ, ಪಕ್ಕದಲ್ಲಿ ಬರಹ: "ಇಲ್ಲಿ ಕೊಡ ಇಟ್ಟು ಕಾಯೋದು. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ." ಒಂದು ಹಾಳೆ ಪೂರ್ತಿ ಖಾಲಿ, ಕೆಳಗೆ ಸಣ್ಣಕ್ಷರದಲ್ಲಿ: "ಅಜ್ಜ ಬೈದರು."

ಮಕ್ಕಳು ಗೋಡೆ ಮುಂದೆ ಗುಂಪಾಗಿ ನಿಂತು ನೋಡಿದರಂತೆ. ಈ ಸಲ ಯಾರೂ ಹಿಂದೆ ತಿರುಗಲಿಲ್ಲ, ನೋಡೋಕೆ ಗೋಡೆ ಇತ್ತು. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗನೇ ಅಂದನಂತೆ: "ಮಿಸ್, ಕೊಡಕ್ಕೆ ನೀರು ಹಾಕ್ತಿದ್ದೋರು ಯಾರು ಅಂತ ಯಾರೂ ಬರ್ದೇ ಇಲ್ಲ." ಪಿಪಿಟಿ ಮಾಡಿದ ಇಂಜಿನಿಯರ್‌ಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು.

ಅದಾದ ಮೇಲೆ ಅಕ್ಕ ಮಹಾಡ್ ಪಾಠ ಮಾಡಿದಳು. 1923ರಲ್ಲೇ ಮುಂಬೈ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ಮುಕ್ತ ಅಂತ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಕೆರೆ ಮುಕ್ತ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಚೌದಾರ್ ಕೆರೆಗಿಳಿದು ಒಂದು ಬೊಗಸೆ ನೀರು ಕುಡಿದದ್ದಕ್ಕೆ ಹೊಡೆದಾಟವಾಯ್ತು, ಕೆರೆಯನ್ನ ಶುದ್ಧೀಕರಣ ಮಾಡಿದರು, ಕೇಸು ಹಾಕಿದರು. ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಬೊಗಸೆ ನೀರಿಗೆ ಹತ್ತು ವರ್ಷ. ಈ ಪಾಠವನ್ನ ಅಕ್ಕ ಎಷ್ಟೋ ವರ್ಷದಿಂದ ಮಾಡ್ತಿದ್ದಾಳೆ. ಮಕ್ಕಳು ಗೋಡೆ ಕಡೆ ಕೈ ತೋರಿಸಿ "ಇಲ್ಲಿ ಥರಾನೇ ಮಿಸ್" ಅಂದದ್ದು ಇದೇ ಮೊದಲು. ಪಕ್ಕದ ಹರಿಹರದಲ್ಲೇ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ದಲಿತ ಸಂಘರ್ಷ ಸಮಿತಿ ಕಟ್ಟಿದ ಕತೆಯನ್ನೂ ಹೇಳಿದಳು. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ 1970ರ ದಶಕದಲ್ಲಿ ಮಂತ್ರಿಯಾಗಿ ನಿಲ್ಲಿಸಿದ ಬಿ. ಬಸವಲಿಂಗಪ್ಪನವರದ್ದೂ ಹೇಳಿದಳು. ನೊಂದವರ ಕತೆ ಮಾತ್ರ ಹೇಳಿದರೆ ಮೂರನೇ ಬೆಂಚಿನ ಹುಡುಗನಿಗೆ ತಲೆ ತಗ್ಗಿಸೋದಷ್ಟೇ ಉಳಿಯುತ್ತೆ ಅಂತ ಅವಳ ಲೆಕ್ಕ.

ತಕರಾರು ಬಂದೇ ಬಂತು. ಒಬ್ಬ ಪೋಷಕರು ಹೆಡ್‌ಮಾಸ್ಟರ್ ರೂಮಿಗೆ ಬಂದು, "ಮುಗಿದುಹೋದದ್ದನ್ನ ಕೆದಕಿ ಮಕ್ಕಳ ತಲೇಲಿ ಜಾತಿ ತುಂಬ್ತಿದ್ದಾರೆ ನಿಮ್ಮ ಮೇಡಂ" ಅಂದರು. ಮುಗಿದುಹೋದದ್ದು ಅಂತ ಹೇಳೋಕೆ ಧೈರ್ಯ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹೈಸ್ಕೂಲು ವಯಸ್ಸಿನ ದಲಿತ ಹುಡುಗ ದೇವರ ಕೋಲು ಮುಟ್ಟಿದ ಅಂತ ಆ ಮನೆಗೆ 60,000 ರೂಪಾಯಿ ದಂಡ ಹಾಕಿದ್ದರು. ಅಕ್ಕ ಅದನ್ನೇನೂ ಹೇಳಲಿಲ್ಲ. ಪಠ್ಯಪುಸ್ತಕ ತೆಗೆದು ಮಹಾಡ್ ಇರುವ ಪುಟ ತೋರಿಸಿದಳು. ಹೆಡ್‌ಮಾಸ್ಟರ್ "ಸಿಲಬಸ್ ಮುಗಿಸ್ಕೊಳ್ಳಿ ಮೇಡಂ, ರಿಸಲ್ಟ್ ಕೇಳ್ತಾರೆ" ಅಂದು ಸುಮ್ಮನಾದರು. ನಕ್ಷೆಗಳು ಗೋಡೆಯಿಂದ ಇಳಿದು ಬೀರು ಸೇರಿದವು. ಹರಿದು ಹಾಕಲಿಲ್ಲ, ಅಷ್ಟೇ ಸಮಾಧಾನ.

ನವೆಂಬರ್‌ನಲ್ಲಿ ನಾನು ಊರಿಗೆ ಹೋದೆ. ಅಡಿಕೆ ಸುಲಿಯೋ ಕಾಲ. ಸಂಜೆ ದೊಡ್ಡಪ್ಪನ ಹತ್ತಿರ ಕೂತು ಕೊಟ್ಟಿಗೆ ಗೂಡಿನ ಮಾತೆತ್ತಿದೆ.

"ಅವಾಗ ಹಂಗಿತ್ತಪ್ಪ" ಅಂದರು.

"ಯಾರು ಇಟ್ಟಿದ್ರು ದೊಡ್ಡಪ್ಪ?"

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಇದ್ದರು. ಎಷ್ಟೋ ಹೊತ್ತಾದ ಮೇಲೆ "ನಮ್ಮಪ್ಪ. ಆಮೇಲೆ ನಾನೇ" ಅಂದರು.

"ತೆಗೆದದ್ದು ಯಾವಾಗ?"

"ತೆಗೀಲಿಲ್ಲ. ಪೇಪರ್ ಕಪ್ ಬಂದ್ವಲ್ಲ."

ನಮ್ಮ ಫೀಲ್ಡಲ್ಲಿ ಇದಕ್ಕೆ ವರ್ಕ್‌ಅರೌಂಡ್ ಅಂತೀವಿ. ತೊಂದರೆ ಹಾಗೇ ಇರುತ್ತೆ, ಎರರ್ ಮೆಸೇಜ್ ಮಾತ್ರ ಬರೋದು ನಿಲ್ಲುತ್ತೆ.

ಮರುದಿನ ಬೆಳಿಗ್ಗೆ ಸುಲಿಯೋಕೆ ಏಳೆಂಟು ಹೆಂಗಸರು ಬಂದಿದ್ದರು. ಅಮ್ಮ ಟೀ ಬಗ್ಗಿಸೋಕೆ ಪೇಪರ್ ಕಪ್ ಕಟ್ಟು ಬಿಚ್ಚುತ್ತಿದ್ದರು. ನಾನು ಒಳಗಿಂದ ಸ್ಟೀಲ್ ಲೋಟ ತಂದಿಟ್ಟೆ. ಅಮ್ಮ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅವರಲ್ಲಿ ಹಿರಿಯವರೊಬ್ಬರು ಸುಲಿಯೋ ಕೈ ನಿಲ್ಲಿಸಿ ನಕ್ಕರು.

"ಕಪ್ಪೇ ಇರ್ಲಿ ಬಿಡ್ರಿ ಸಣ್ಣ ಗೌಡ್ರೆ. ಲೋಟ ಆದ್ರೆ ಮತ್ತೆ ನಾವೇ ತೊಳ್ದಿಡ್ಬೇಕು."

"ನಾನು ತೊಳೀತೀನಿ" ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪನ ಕಡೆ ನೋಡಿದರು.